ಕಂಟ್ರೋಲರ್ ನಿಮ್ಮದು, ಪಾಸ್‌ವರ್ಡ್ ಯಾರದು?

ಮಾನ್ಯ ಸಂಪಾದಕರೇ,

ಕಚೇರಿ, ಆಸ್ಪತ್ರೆ, ಹಾಸ್ಟೆಲ್‌ಗಳಿಗೆ ವೈಫೈ ಹಾಕಿಕೊಡುವುದು ನನ್ನ ಕೆಲಸ. ಎಲ್ಲ ಆಕ್ಸೆಸ್ ಪಾಯಿಂಟ್‌ಗಳನ್ನೂ (ಚಾವಣಿಯಲ್ಲಿ ಕೂರಿಸುವ ವೈಫೈ ಡಬ್ಬಿಗಳು) ಒಂದೇ ಕಡೆಯಿಂದ ನೋಡಿಕೊಳ್ಳುವ ಕಂಟ್ರೋಲರ್ ಬೇಕು ಅಂತ ಈಗ ಸುಮಾರು ಜನ ಕೇಳುತ್ತಾರೆ. ಅದರ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಕಂಟ್ರೋಲರ್ ಬೇಡ ಅನ್ನುತ್ತಿಲ್ಲ. ವೈಫೈ ಓಡುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಮೂರೇ: 1, 6, 11. ಅಕ್ಕಪಕ್ಕದ ಡಬ್ಬಿಗಳೆಲ್ಲ 6ರಲ್ಲೇ ಕೂತು ಫುಲ್ ಪವರ್‌ನಲ್ಲಿ ಕೂಗಿದರೆ ಯಾರ ಮಾತೂ ಯಾರಿಗೂ ಕೇಳದು. ಚಾನೆಲ್ ಹಂಚಿ, ಪವರ್ ತಗ್ಗಿಸಿ ಸಂಭಾಳಿಸುವುದು ಕಂಟ್ರೋಲರ್. (ಮೀಟಿಂಗ್ ರೂಮಿಗೆ ಹೋದರೂ ಫೋನು ರಿಸೆಪ್ಶನ್ ಸಿಗ್ನಲ್ಲನ್ನೇ ಹಿಡಿದುಕೊಂಡಿರುತ್ತದೆ ಎಂಬ ದೂರು ಕಂಟ್ರೋಲರ್ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಯಾವಾಗ ಬಿಡಬೇಕು ಅಂತ ಕೊನೆಗೆ ತೀರ್ಮಾನಿಸುವುದು ಫೋನೇ.)

ಈಚೆಗೆ ಒಂದು ಕಚೇರಿಯವರು ಕರೆದರು. ಕೆಲಸ ಬಿಟ್ಟವರಿಗೂ ವೈಫೈ ಪಾಸ್‌ವರ್ಡ್ ಗೊತ್ತಿದೆ, ಬದಲಿಸಿಕೊಡಿ ಅಂದರು. ಕಂಟ್ರೋಲರ್ ಇದ್ದರೆ ಐದು ನಿಮಿಷದ ಕೆಲಸ. ಲಾಗಿನ್ ಕೊಡಿ ಅಂದೆ. ಮುಖ ಮುಖ ನೋಡಿಕೊಂಡರು. ಕಂಟ್ರೋಲರ್ ಸಾಫ್ಟ್‌ವೇರ್ ಇದ್ದದ್ದು ಮೊದಲು ಹಾಕಿಕೊಟ್ಟವರ ಲ್ಯಾಪ್‌ಟಾಪ್‌ನಲ್ಲಿ. ಅವರು ಫೋನ್ ಎತ್ತುತ್ತಿಲ್ಲ. ಸೆಟ್ಟಿಂಗ್‌ಗಳ ಬ್ಯಾಕಪ್ ಫೈಲೂ ಇಲ್ಲ.

ಅಲ್ಲಿಯವರೆಗೂ ಯಾರಿಗೂ ಅನುಮಾನ ಬಂದಿರಲಿಲ್ಲ. ಈ ಥರದ ಕಂಟ್ರೋಲರ್ ಆಫ್ ಆದರೂ ಆಕ್ಸೆಸ್ ಪಾಯಿಂಟ್‌ಗಳು ಹಳೆಯ ಸೆಟ್ಟಿಂಗ್‌ನಲ್ಲೇ ಓಡುತ್ತಿರುತ್ತವೆ. ನೆಟ್ ಬರುತ್ತಿದೆಯಲ್ವಾ, ಮತ್ತೇನು ಅಂತ ಸುಮ್ಮನಿರುತ್ತಾರೆ. ಆದರೆ ಫರ್ಮ್‌ವೇರ್ (ಡಬ್ಬಿಯೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ನಿಂತೇ ಹೋಗಿರುತ್ತದೆ. 2017ರಲ್ಲಿ ವೈಫೈಗೆ ಬೀಗ ಹಾಕುವ ಡಬ್ಲ್ಯುಪಿಎ2 ಭದ್ರತಾ ವ್ಯವಸ್ಥೆಯಲ್ಲಿ 'ಕ್ರ್ಯಾಕ್' ದೋಷ ಬಯಲಾದಾಗ ಫೋನು, ಲ್ಯಾಪ್‌ಟಾಪ್, ಆಕ್ಸೆಸ್ ಪಾಯಿಂಟ್ ಎಲ್ಲಕ್ಕೂ ಅಪ್‌ಡೇಟ್ ಬೇಕಾಯಿತು. ಅಂಥದ್ದು ಮತ್ತೆ ಬಂದಿದ್ದರೆ ಇವರ ಗತಿ?

ಕೊನೆಗೆ ಏಣಿ ತರಿಸಿದೆ. ಚಾವಣಿಯಿಂದ ಒಂದೊಂದೇ ಡಬ್ಬಿ ಬಿಚ್ಚಿ, ಹಿಂದಿನ ಸಣ್ಣ ತೂತಿಗೆ ಪಿನ್ ತೂರಿಸಿ, ದೀಪ ಮಿನುಗುವ ತನಕ ಒತ್ತಿ ಹಿಡಿದು ರೀಸೆಟ್ ಮಾಡಿದ್ದಾಯಿತು. ಕೇಬಲ್ ಕಳಚದ ಹಾಗೆ ನೋಡಿಕೊಳ್ಳಬೇಕು, ಕರೆಂಟ್ ಬರುವುದೂ ಅದರಲ್ಲೇ. ಆಮೇಲೆ ಎಲ್ಲ ಸೆಟ್ಟಿಂಗ್ ಮೊದಲಿನಿಂದ.

ಓದುಗರಲ್ಲಿ ಅಂಗಡಿ, ಶಾಲೆ, ಕಚೇರಿ ನಡೆಸುವವರಿಗೆ ನನ್ನ ಕೋರಿಕೆ ಇಷ್ಟು. ಅಡ್ಮಿನ್ ಖಾತೆ ಸಂಸ್ಥೆಯ ಈಮೇಲ್‌ನಲ್ಲೇ ಇರಲಿ. ಹಾಕುವವರಿಗೆ ಬೇರೆ ಲಾಗಿನ್ ಕೊಡಿ, ಕೆಲಸ ಮುಗಿದ ಮೇಲೆ ತೆಗೆಯಿರಿ. ಬ್ಯಾಕಪ್ ಫೈಲನ್ನು ಕಂಟ್ರೋಲರ್ ಇರುವ ಕಂಪ್ಯೂಟರಿನಲ್ಲೇ ಇಟ್ಟರೆ ಅದು ಕೆಟ್ಟ ದಿನ ಎರಡೂ ಹೋಗುತ್ತವೆ. ಕ್ಲೌಡ್ ಕಂಟ್ರೋಲರ್ (ಕಂಪನಿಯ ಸರ್ವರ್‌ನಲ್ಲಿ ಇಂಟರ್ನೆಟ್ ಮೂಲಕ ಓಡುವಂಥದ್ದು) ಆದರೆ ಲೈಸೆನ್ಸ್ ಮುಗಿದ ಮೇಲೆ ಏನಾಗುತ್ತದೆ ಅಂತ ಬರಹದಲ್ಲಿ ಕೇಳಿ. ಕೆಲವದರಲ್ಲಿ ವೈಫೈಯೇ ನಿಲ್ಲುತ್ತದೆ. ಪೂರ್ತಿ ಹಣ ಕೊಡುವ ಮೊದಲು ನಿಮ್ಮವರೇ ಒಬ್ಬರು ಲಾಗಿನ್ ಆಗಿ ಗೆಸ್ಟ್ ಪಾಸ್‌ವರ್ಡ್ ಬದಲಿಸಿ ನೋಡಲಿ.

ನಮ್ಮ ಕಸುಬಿನ ಕೆಲವರಿಗೆ ಈ ಪತ್ರ ಹಿಡಿಸಲಿಕ್ಕಿಲ್ಲ. ಪಾಸ್‌ವರ್ಡ್ ತಮ್ಮ ಹತ್ತಿರ ಇದ್ದರೆ ಗಿರಾಕಿ ಬೇರೆ ಕಡೆ ಹೋಗಲ್ಲ ಅನ್ನೋದು ಅವರ ಲೆಕ್ಕ.

– ಒಬ್ಬ ನೆಟ್‌ವರ್ಕ್ ಕೆಲಸಗಾರ