ಡೀಸೆಲ್‌ಗೆ ರಿಯಾಯಿತಿ, ಮರಿಮೀನಿಗೆ ಲೆಕ್ಕವಿಲ್ಲ

ಸಂಪಾದಕರಿಗೆ,

ಮೊನ್ನೆ ಬೆಳಿಗ್ಗೆ ಬಂಗುಡೆ ಮೀನು ತರಲು ದೋಣಿಗಳು ಮೀನು ಇಳಿಸುವ ದಕ್ಕೆಗೆ ಹೋಗಿದ್ದೆ. ರೇಟು ಕೇಳಿ ಅರ್ಧ ಕಿಲೋ ಸಾಕು ಎಂದೆ. ಪಕ್ಕದಲ್ಲೇ ಬೆರಳುದ್ದದ ಮರಿಮೀನು ರಾಶಿ ರಾಶಿಯಾಗಿ ಲಾರಿ ಹತ್ತುತ್ತಿತ್ತು. ಫಿಶ್‌ಮೀಲ್‌ಗಂತೆ, ಅಂದರೆ ಒಣಗಿಸಿ ಪುಡಿ ಮಾಡಿ ಮೇವಿಗೆ ಹಾಕಲು! ಹೊಟ್ಟೆ ಉರಿಯಿತು.

ಯಾಂತ್ರಿಕ ದೋಣಿಗಳ ಡೀಸೆಲ್‌ಗೆ ರಾಜ್ಯ ಸರಕಾರ ಮಾರಾಟ ತೆರಿಗೆ ರಿಯಾಯಿತಿ ಕೊಡುತ್ತದೆ. ಕೊಡಲಿ, ಕಡಲಿಗಿಳಿಯುವವರ ಕಷ್ಟ ಸಣ್ಣದಲ್ಲ. ಆದರೆ ಡೀಸೆಲ್ ಅಗ್ಗವಾದಷ್ಟೂ ದೋಣಿ ಜಾಸ್ತಿ ದೂರ ಹೋಗುತ್ತದೆ, ಜಾಸ್ತಿ ಹೊತ್ತು ಬಲೆ ಎಳೆಯುತ್ತದೆ, ಅಲ್ವಾ? ಟ್ರಿಪ್ಪಿನ ಲೆಕ್ಕದಲ್ಲಿ ಡೀಸೆಲ್, ಐಸ್, ಕೂಲಿ ಎಲ್ಲ ಇರುತ್ತದೆ. ಬೆಳೆದು ಮೊಟ್ಟೆ ಇಡುವ ಮೊದಲೇ ಬಲೆಗೆ ಬಿದ್ದ ಮರಿಯ ಲೆಕ್ಕ ಮಾತ್ರ ಇಲ್ಲ. ಆ ನಷ್ಟ ಹೊರುವವರು ನಾಡದೋಣಿಯವರು, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು, ಕೊನೆಗೆ ನಾವು.

ಬಂಗುಡೆಗೆ ಸರಕಾರವೇ ದರ ಕಟ್ಟಲಿ ಎನ್ನುವವರಿದ್ದಾರೆ. ಸುಮ್ನೆ ಮಾತು. ಇಲ್ಲಿ ದರ ಕಟ್ಟಿದರೆ ಒಳ್ಳೆ ಮೀನು ಗಡಿ ದಾಟಿ ಕೇರಳಕ್ಕೋ ಗೋವಾಕ್ಕೋ ಹೋಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನ ರಜೆ ಕೊಟ್ಟು, ಉಳಿದ ತಿಂಗಳು ಮರಿಯನ್ನೇ ಗೋರಿದರೆ ಏನು ಬಂತು? ಕೇರಳದಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ (ಸಾರ್ಡೀನ್) ಮೀನು ಹಿಡಿಯುವಂತಿಲ್ಲ. ಮಲ್ಪೆ, ಮಂಗಳೂರು ದಕ್ಕೆಗಳಲ್ಲೂ ಮೀನು ಇಳಿಸುವಾಗಲೇ ಅಳೆದು ನೋಡಲಿ. ಮರಿ ತಂದ ದೋಣಿಗೆ ಆ ತಿಂಗಳ ಡೀಸೆಲ್ ರಿಯಾಯಿತಿ ಕಡಿತ ಮಾಡಲಿ.

– ಓದುಗ, ಉಡುಪಿ