ಮಾತಾಡ್ತಾ ಓಡು ಅಂದವಳಿಗೆ

ಮೊನ್ನೆ ಭಾನುವಾರ ನನ್ನ ಮೊದಲ ಹಾಫ್ ಮ್ಯಾರಥಾನ್ ಮುಗಿಸಿದೆ. 21.0975 ಕಿಲೋಮೀಟರ್, 2 ಗಂಟೆ 41 ನಿಮಿಷ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನನ್ನು 42.195 ಕಿಲೋಮೀಟರ್ ಓಡಿಸಿದರಲ್ಲ, ಅವರ ಮೇಲೆ ನನಗೆ ಸಿಟ್ಟಿದೆ. ಕೊನೆಗೆ ಬಾಲದ ಹಾಗೆ ಅಂಟಿಕೊಂಡ ಆ 97 ಮೀಟರ್ ಅವರದೇ ಕೊಡುಗೆ.

ಎಂಟು ತಿಂಗಳ ಹಿಂದೆ ನಾನು ಪ್ರೀತಿಸುತ್ತಿದ್ದ ಹುಡುಗನಿಂದ ‘ಇನ್ನು ಸಾಕು’ ಅಂತ ಒಂದು ಮೆಸೇಜ್ ಬಂತು, ಅಷ್ಟೇ. ಹದಿನೇಳು ವರ್ಷಕ್ಕೆ ಇದೇನು ಮಹಾ ಅಂತ ದೊಡ್ಡವರಿಗೆ ಅನ್ನಿಸಬಹುದು. ರಾತ್ರಿ ಮೂರು ಗಂಟೆಗೆ ‘ಲಾಸ್ಟ್ ಸೀನ್’ ನೋಡುತ್ತಾ ಕೂತವಳಿಗೆ ಹಾಗನ್ನಿಸುವುದಿಲ್ಲ. ನಾನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಗೆಳತಿ ಸಮಾಧಾನ ಹೇಳಲಿಲ್ಲ. ಸುಮ್ನೆ ಬಂದು ಶೂ ಹಾಕಿಸಿ ಕರೆದುಕೊಂಡು ಹೋದಳು. ಅವಳದು ಒಂದೇ ನಿಯಮ: ಓಡುವಾಗ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ನಾನು ಸುಮ್ಮನಾದರೆ ಸಾಕು, ನಡೆಯೋಕೆ ಶುರು ಮಾಡುತ್ತಿದ್ದಳು. ಉಸಿರು ಸರಿಯಾಗಿದೆ ಅಂತ ತೋರಿಸಲಾದರೂ ಏನಾದರೂ ಹೇಳಲೇಬೇಕಿತ್ತು. ಮೊದಲು ಕೆಮಿಸ್ಟ್ರಿ ಹೋಮ್‌ವರ್ಕ್ ಬಗ್ಗೆ ಹೇಳಿದೆ. ಮೂರನೇ ವಾರ, ನಾಲ್ಕನೇ ಕಿಲೋಮೀಟರ್‌ನಲ್ಲಿ, ಅವನ ಹೆಸರು ಬಾಯಿಗೆ ಬಂತು. ಅವಳು ನನ್ನ ಕಡೆ ತಿರುಗಲಿಲ್ಲ. ಮುಂದೆ ನೋಡುತ್ತಲೇ ‘ಹೂಂ’ ಅಂದಳು. ಎದುರುಬದುರು ಕೂತಿದ್ದರೆ ಖಂಡಿತ ಹೇಳುತ್ತಿರಲಿಲ್ಲ.

ನಡುವೆ ಒಂದು ದಡ್ಡತನ ಮಾಡಿದೆ. ಅವನ ಹೊಸ ಫೋಟೋ ಕಂಡ ದಿನ ಒಬ್ಬಳೇ ಹೋಗಿ 12 ಕಿಲೋಮೀಟರ್ ಸಿಟ್ಟಿನಲ್ಲಿ ಓಡಿದೆ. ಅಲ್ಲಿಯವರೆಗೆ 6 ದಾಟಿರಲಿಲ್ಲ! ಮರುದಿನ ಮೊಣಕಾಲಿನ ಕೆಳಗೆ ಮುಂದಿನ ಮೂಳೆ ಮುಟ್ಟಿದರೆ ಜೀವ ಹೋಗುತ್ತಿತ್ತು. ಎರಡು ವಾರ ಓಡಬೇಡ ಅಂತ ಗದರಿದ ಫಿಸಿಯೋ ಅವರಿಗೆ ಥ್ಯಾಂಕ್ಸ್. ಆ ಎರಡು ವಾರ ತನ್ನ ಓಟ ಬಿಟ್ಟು ನನ್ನ ಜೊತೆ ನಡೆದವಳಿಗೆ ಏನು ಹೇಳಲಿ, ಗೊತ್ತಾಗುತ್ತಿಲ್ಲ.

ಕಪ್ಪಾದ ನನ್ನ ಹೆಬ್ಬೆರಳ ಉಗುರು ನೋಡಿ ಬೈಯುತ್ತಲೇ ಒಂದು ಸೈಜ್ ದೊಡ್ಡ ಶೂ ಕೊಡಿಸಿದ ಅಮ್ಮನಿಗೆ, ಕತ್ತಲಲ್ಲೇ ಎದ್ದು ಸೈಕಲ್‌ನಲ್ಲಿ ನೀರು ಹೊತ್ತು ಹಿಂದೆ ಬರುತ್ತಿದ್ದ ಅಣ್ಣನಿಗೆ ಥ್ಯಾಂಕ್ಸ್. ಆ ಮೆಸೇಜ್ ಕಳಿಸಿದವನಿಗೂ ಹೇಳು ಅಂದರು ಕೆಲವರು. ಇಲ್ಲಪ್ಪ, ಅಷ್ಟು ದೊಡ್ಡ ಮನಸ್ಸು ಇನ್ನೂ ಬಂದಿಲ್ಲ.

ಭಾನುವಾರ ಗೆಳತಿ ಎರಡು ಗಂಟೆಯೊಳಗೆ ಮುಗಿಸಬಹುದಿತ್ತು. ನನ್ನ ಪಕ್ಕದಲ್ಲೇ ಇದ್ದಳು. 17ನೇ ಕಿಲೋಮೀಟರ್‌ಗೆ ನನ್ನ ಮಾತು ನಿಂತಿತು, ತೊಡೆ ಕಲ್ಲಾಯಿತು. ಈ ಸಲ ಅವಳು ನಡೆಯಲಿಲ್ಲ. ‘ಸರಿ, ಈಗ ನಂದು ಕೇಳು’ ಅಂತ ಶುರು ಮಾಡಿದಳು. ಹೋದ ವರ್ಷ ಅವಳಿಗೂ ಹೀಗೇ ಆಗಿತ್ತಂತೆ. ಎಂಟು ತಿಂಗಳು ಅಕ್ಕಪಕ್ಕ ಓಡಿದ್ದೇವೆ, ನಾನು ಒಂದು ದಿನವೂ ಕೇಳಿರಲಿಲ್ಲ.

ಏನಾದರೂ ಹೇಳಬೇಕು ಅನ್ನಿಸಿತು, ಉಸಿರಿರಲಿಲ್ಲ. ಮುಂದೆ ನೋಡುತ್ತಾ ‘ಹೂಂ’ ಅಂದೆ.

ಗೆರೆ ದಾಟುವ ಹೊತ್ತಿಗೆ ಅವಳ ಕಥೆ ಅರ್ಧವೂ ಮುಗಿದಿರಲಿಲ್ಲ. ಉಳಿದದ್ದು ಬರುವ ಭಾನುವಾರಕ್ಕೆ. 8 ಕಿಲೋಮೀಟರ್, ನಿಧಾನವಾಗಿ.