ಐದೂವರೆ ತಾಸಿನ ಜಗಳ: ಧಾರಾವಾಹಿಯ ಕಾಲಯಾನವೂ ಲ್ಯಾಪ್‌ಟಾಪಿನ ಬ್ರ್ಯಾಂಡೂ

ಸಂಪಾದಕರೆ,

ನಿಮ್ಮ ಓದುಗರ ಅಂಕಣದಲ್ಲಿ ಕಾಲಯಾನದ ಧಾರಾವಾಹಿಗಳ ಬಗ್ಗೆ, ಲ್ಯಾಪ್‌ಟಾಪಿನ ಕಂಪನಿಗಳ ಬಗ್ಗೆ ನಡೆದ ವಾದಗಳಿಗೆ ಈ ಉತ್ತರ. ಅದಕ್ಕೆ ಮೊದಲು ಒಂದು ಗಡಿಯಾರದ ಜಗಳ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸು, ಲಿನಕ್ಸು ಎಂಬ ಎರಡು ಕಾರ್ಯಾಚರಣೆ ವ್ಯವಸ್ಥೆಗಳನ್ನೂ ಹಾಕಿಸಿಕೊಂಡವರಿಗೆ ಈ ಪೀಡೆ ಗೊತ್ತಿರುತ್ತದೆ. ಮುಂಜಾನೆ ಹತ್ತಕ್ಕೆ ವಿಂಡೋಸ್ ಬಂದ್ ಮಾಡಿ ಲಿನಕ್ಸ್ ಚಾಲೂ ಮಾಡಿದರೆ ಗಡಿಯಾರ ಮಧ್ಯಾಹ್ನ ಮೂರೂವರೆ ತೋರಿಸುತ್ತದೆ. ಇಂಟರ್‌ನೆಟ್ ಸಿಕ್ಕ ಮೇಲೆ ಲಿನಕ್ಸ್ ತನ್ನ ವೇಳೆ ಸರಿಮಾಡಿಕೊಳ್ಳುತ್ತದೆ, ಸರಿ. ಆದರೆ ಮತ್ತೆ ವಿಂಡೋಸಿಗೆ ಹೋದರೆ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ ಆಗಿರುತ್ತದೆ. ವಿಂಡೋಸಿನವರು ಲಿನಕ್ಸ್ ಕೆಡಿಸಿತು ಅನ್ನುತ್ತಾರೆ, ಲಿನಕ್ಸಿನವರು ವಿಂಡೋಸನ್ನು ಬೈಯುತ್ತಾರೆ. ನಡುವೆ ಯಾರೋ ಬಂದು ಮದರ್‌ಬೋರ್ಡಿನ ಸೆಲ್ ಹೋಗಿದೆ ಎಂದು ಬದಲಿಸಿ ರೊಕ್ಕ ಇಸಿದುಕೊಳ್ಳುತ್ತಾರೆ. ಸೆಲ್ ಹೊಸದಾದರೂ ಐದೂವರೆ ತಾಸು ಹಾಗೆಯೇ ಇರುತ್ತದೆ.

ಇಲ್ಲಿ ಕೆಟ್ಟದ್ದು ಯಾವುದೂ ಇಲ್ಲ. ಮದರ್‌ಬೋರ್ಡಿನ ಗಡಿಯಾರದ ಚಿಪ್ಪಿನಲ್ಲಿ ಇರುವುದು ಬರೀ ಅಂಕಿ: ವರ್ಷ, ತಿಂಗಳು, ದಿನ, ತಾಸು, ನಿಮಿಷ. ಅದು ಯಾವ ಸೀಮೆಯ ವೇಳೆ ಎಂದು ಚಿಪ್ಪಿಗೆ ಗೊತ್ತಿಲ್ಲ. ವಿಂಡೋಸಿಗೂ ಹಿಂದಿನ ಡಾಸ್ ವ್ಯವಸ್ಥೆಯ ಕಾಲದಿಂದ ಬಂದ ರೂಢಿಯಂತೆ ವಿಂಡೋಸ್ ಅದನ್ನು ಸ್ಥಳೀಯ ವೇಳೆ ಎಂದು ಓದುತ್ತದೆ. ಲಿನಕ್ಸ್ ಯುನಿಕ್ಸ್ ಎನ್ನುವ ಹಳೆಯ ವ್ಯವಸ್ಥೆಯ ಮನೆತನದ್ದು. ಗ್ರೀನಿಚ್ ವೇಳೆ ಎಂದು ಓದಿ 5 ತಾಸು 30 ನಿಮಿಷವನ್ನು ತಾನೇ ಕೂಡಿಸುತ್ತದೆ. ಚಿಪ್ಪಿನಲ್ಲಿರುವುದು ಸ್ಥಳೀಯ ವೇಳೆ ಎಂದು ಲಿನಕ್ಸಿಗೆ ಒಂದೇ ಕಮಾಂಡಿನಲ್ಲಿ ತಿಳಿಸಬಹುದು, ಇಲ್ಲವೇ ವಿಂಡೋಸಿನ ರಿಜಿಸ್ಟ್ರಿಯಲ್ಲಿ (ಅದರ ಸೆಟಿಂಗುಗಳ ಪಟ್ಟಿಯಲ್ಲಿ) ಒಂದು ನಮೂದು ಸೇರಿಸಿ ಅದನ್ನೇ ಗ್ರೀನಿಚ್ ದಾರಿಗೆ ತರಬಹುದು. ಯಾವುದಾದರೂ ಒಂದು ಕಡೆ ಮಾತ್ರ. ಎರಡೂ ಕಡೆ ಬದಲಿಸಿದರೆ ಜಗಳ ಉಲ್ಟಾ ಆಗಿ ಮೊದಲಿನಿಂದ ಶುರುವಾಗುತ್ತದೆ. (ಹಾಗೆ ನೋಡಿದರೆ ನಮ್ಮದು ‘ಸ್ಥಳೀಯ’ ವೇಳೆಯೂ ಅಲ್ಲ. ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕಲಬುರಗಿ ಇರುವುದು ಸುಮಾರು 76.8ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಕೈಗಡಿಯಾರಕ್ಕಿಂತ ಸುಮಾರು 23 ನಿಮಿಷ ಹಿಂದೆ.)

ನಿಮ್ಮ ಓದುಗರ ಅಂಕಣದಲ್ಲಿ ಈಚೆಗೆ ನಡೆದ ಎರಡು ವಾದಗಳೂ ಈ ಚಿಪ್ಪಿನ ಜಗಳದ ಹಾಗೆಯೇ ಇವೆ. ಕಾಲಯಾನದ ಧಾರಾವಾಹಿಗಳಲ್ಲಿ ತರ್ಕ ಇದೆಯೇ ಎಂದು ಒಂದು ಗುಂಪು, ಯಾವ ಕಂಪನಿಯ ಲ್ಯಾಪ್‌ಟಾಪ್ ಒಳ್ಳೆಯದು ಎಂದು ಇನ್ನೊಂದು ಗುಂಪು. ಯಾವ ನಿಯಮ ಹಿಡಿದು ಅಳೆಯುತ್ತಿದ್ದೇವೆ ಎಂದು ಎರಡೂ ಕಡೆಯವರು ಹೇಳಿಲ್ಲ.

ಮೊದಲು ಟಿವಿಯ ಮಾತು. ಹಿಂದಕ್ಕೆ ಹೋಗುವ ಕತೆಗಳಲ್ಲಿ ನಿಯಮ ಹೆಚ್ಚೂಕಮ್ಮಿ ಮೂರೇ ಬಗೆ. ಒಂದರಲ್ಲಿ ಏನೂ ಬದಲಾಗುವುದಿಲ್ಲ. ಹೋದವನು ಅಲ್ಲಿ ಮಾಡುವುದೆಲ್ಲ ಆಗಲೇ ಇತಿಹಾಸದ ಭಾಗ. ಇನ್ನೊಂದರಲ್ಲಿ ಕಾಲ ಒಂದೇ ಹಲಗೆ, ಒರೆಸಿ ಮತ್ತೆ ಬರೆಯಬಹುದು. ಮೂರನೆಯದರಲ್ಲಿ ಬದಲಿಸಿದ ಕೂಡಲೇ ಹೊಸ ಕವಲು ಒಡೆಯುತ್ತದೆ, ಹಳೆಯ ಜಗತ್ತು ಅದರ ಪಾಡಿಗೆ ಇರುತ್ತದೆ. ಕವಲಿನ ಕತೆಯಲ್ಲಿ ವಿರೋಧಾಭಾಸವೇ ಇಲ್ಲ, ಮೊಮ್ಮಗ ಹಿಂದಕ್ಕೆ ಹೋಗಿ ಅಜ್ಜನನ್ನು ಕೊಂದರೆ ತಾನೇ ಹುಟ್ಟಬಾರದಲ್ಲ ಎಂಬ ತೊಡಕಿಲ್ಲ, ಅವನು ಬೇರೆ ಕವಲಿನ ಅಜ್ಜ. ಅಲ್ಲಿ ಸೋಲುವುದು ತರ್ಕ ಅಲ್ಲ, ಕಣ್ಣೀರು. ಸತ್ತ ತಾಯಿಯನ್ನು ಉಳಿಸಿದೆ ಎಂದು ನಾಯಕ ಕುಣಿಯುವಾಗ, ಅವನು ಬಿಟ್ಟುಬಂದ ಮನೆಯಲ್ಲಿ ತಾಯಿ ಸತ್ತೇ ಇದ್ದಾಳೆ. ಬಹಳ ಧಾರಾವಾಹಿಗಳು ಇದನ್ನು ಹೇಳದೆ ಜಾರಿಕೊಳ್ಳುತ್ತವೆ.

ಒರೆಸಿ ಬರೆಯುವ ಕತೆಯಲ್ಲಿ ತಪ್ಪು ಹಿಡಿಯುವುದು ಸುಲಭ. ನಾಯಕನ ಜೇಬಿನ ಫೋಟೋದಲ್ಲಿ ತಂಗಿಯ ಚಿತ್ರ ನಿಧಾನಕ್ಕೆ ಮಾಸುತ್ತದೆ ಅನ್ನಿ. ನಿಧಾನ ಎಂದರೆ ಎಷ್ಟು? ಯಾವ ಗಡಿಯಾರದಲ್ಲಿ? ತಂಗಿ ಹುಟ್ಟಲೇ ಇಲ್ಲ ಎಂದಾದರೆ ಫೋಟೋ ಎಂದೂ ತೆಗೆದೇ ಇಲ್ಲ, ಮಾಸಲು ವಸ್ತುವೇ ಇಲ್ಲ. ಮಾಸುವುದನ್ನು ನೋಡಬೇಕಾದರೆ ಕಾಲವೇ ಬದಲಾಗುವುದನ್ನು ಅಳೆಯುವ ಇನ್ನೊಂದು ಕಾಲ ಬೇಕು. ಕತೆ ಅದನ್ನು ಒಪ್ಪಿಕೊಂಡು ಕೊನೆಯತನಕ ನಡೆಸಿದರೆ ತಕರಾರಿಲ್ಲ. ಒಂದು ಕಂತಿನಲ್ಲಿ ಫೋಟೋಗೆ ಮುಕ್ಕಾಲು ತಾಸು ಬೇಕಾಗಿ, ಇನ್ನೊಂದು ಕಂತಿನಲ್ಲಿ ಊರಿಗೆ ಊರೇ ಚಿಟಿಕೆಯಲ್ಲಿ ಬದಲಾದರೆ ಬರೆದವರು ಮರೆತಿದ್ದಾರೆ.

ಏನೂ ಬದಲಾಗದ ಕತೆ ಇದ್ದುದರಲ್ಲಿ ಗಟ್ಟಿ, ಆದರೆ ಅಲ್ಲೂ ಒಂದು ಕಳ್ಳ ಬಾಗಿಲಿದೆ. ಮುದುಕ ಹಿಂದಕ್ಕೆ ಹೋಗಿ, ಹುಡುಗನಾಗಿದ್ದ ತನಗೇ ಕೈಗಡಿಯಾರ ಕೊಡುತ್ತಾನೆ. ಹುಡುಗ ಅದನ್ನು 40 ವರ್ಷ ಕಟ್ಟಿಕೊಂಡು, ಮುದುಕನಾದ ಮೇಲೆ ಒಯ್ದು ಕೊಡುತ್ತಾನೆ. ಗಡಿಯಾರ ಮಾಡಿದವರು ಯಾರು ಎಂದು ಎಲ್ಲರೂ ಕೇಳುತ್ತಾರೆ. ಪಟ್ಟಿ ಯಾಕೆ ಸವೆದಿಲ್ಲ ಎಂದು ಕೇಳಬೇಕು. ನಲವತ್ತು ವರ್ಷದಲ್ಲಿ ಗಾಜಿನ ಮೇಲೆ ಒಂದೇ ಗೀರು ಬಿದ್ದರೂ ಮುದುಕ ಕೊಡುವುದು ಗೀರಿದ್ದ ಗಡಿಯಾರ, ಹುಡುಗ ಇಸಿದುಕೊಂಡದ್ದು ಗೀರಿಲ್ಲದ್ದು, ಆದರೆ ಕೊಟ್ಟದ್ದೂ ಇಸಿದುಕೊಂಡದ್ದೂ ಒಂದೇ ಗಳಿಗೆ. ಇದು ನೇರ ವಿರೋಧ. ಅದೇ ಜಾಗದಲ್ಲಿ ಗಡಿಯಾರದ ಬದಲು ಒಂದು ಸೂತ್ರ ಇಟ್ಟುನೋಡಿ: ಹುಡುಗ ಅದನ್ನು ಹೊಸ ಹಾಳೆಗೆ ನಕಲು ಮಾಡಿಕೊಳ್ಳುತ್ತಾನೆ, ಮುದುಕನಾಗಿ ಆ ಹಾಳೆ ಒಯ್ಯುತ್ತಾನೆ. ಸವೆಯುವ ವಸ್ತು ಇಲ್ಲ. ಸೂತ್ರಕ್ಕೆ ಕರ್ತೃ ಇಲ್ಲ ಅನ್ನುವುದು ವಿಚಿತ್ರ ಹೌದು, ವಿರೋಧ ಅಲ್ಲ. ಈ ಎರಡರ ಅಂತರ ತಿಳಿದ ಬರಹಗಾರರು ಕತೆಯಲ್ಲಿ ಸುತ್ತು ಹಾಕಿಸುವುದು ಪತ್ರ, ಹಾಡು, ನಕ್ಷೆಗಳನ್ನು.

ಮುಂದಕ್ಕೆ ಹೋಗುವುದಕ್ಕೆ ಇವುಗಳಲ್ಲಿ ಒಂದೂ ಅಡ್ಡಿ ಇಲ್ಲ. ಭಾಗವತದ ಕಕುದ್ಮಿ ಎಂಬ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಾಯನ ಮುಗಿಯುವತನಕ ಕಾದು ಕೇಳಿದರೆ, ಭೂಮಿಯ ಮೇಲೆ 27 ಚತುರ್ಯುಗ ಕಳೆದಿದ್ದವು. ಮನಸ್ಸಿನಲ್ಲಿದ್ದ ವರಗಳು, ಅವರ ಮಕ್ಕಳು ಮೊಮ್ಮಕ್ಕಳು ಯಾರೂ ಇರಲಿಲ್ಲ. ಆತ ಹಿಂದಕ್ಕೆ ಹೋಗುವ ಮಾತೇ ಎತ್ತಲಿಲ್ಲ. ರೇವತಿಯನ್ನು ಬಲರಾಮನಿಗೆ ಕೊಟ್ಟ. ತರ್ಕದ ಲೆಕ್ಕಕ್ಕೆ ಇದರಲ್ಲಿ ಒಂದು ಬಿರುಕೂ ಇಲ್ಲ. ಜಿಪಿಎಸ್ ಉಪಗ್ರಹದ ಗಡಿಯಾರ ಕೂಡ ಇದೇ ಜಾತಿಯದು: ವೇಗದಿಂದ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ ಬಿದ್ದು, ಗುರುತ್ವ ಕಡಿಮೆ ಇರುವುದರಿಂದ 45 ಮುಂದೆ ಓಡಿ, ಒಟ್ಟು ದಿನಕ್ಕೆ ನೆಲದ ಗಡಿಯಾರಕ್ಕಿಂತ 38 ಮೈಕ್ರೋಸೆಕೆಂಡ್ ಮುಂದಿರುತ್ತದೆ. ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರಿನಷ್ಟು ಲೆಕ್ಕ ತಪ್ಪುತ್ತದೆ.

ತರ್ಕಕ್ಕಿಂತ ಧಾರಾವಾಹಿಗಳು ಎಡವುವುದು ಊರಿನ ವಿವರದಲ್ಲಿ. ಕಲಬುರಗಿಯ ಹುಡುಗನನ್ನು 1947ರ ಆಗಸ್ಟ್ 15ಕ್ಕೆ ಕಳಿಸಿ, ಊರತುಂಬ ತಿರಂಗಾ ಹಾರಿಸಿ, ಮಿಠಾಯಿ ಹಂಚಿಸಿದರೆ ಮುಗಿಯಿತು. ಅಂದು ಕಲಬುರಗಿ, ಬೀದರ್, ಯಾದಗಿರಿ ನಿಜಾಮರ ಸಂಸ್ಥಾನದಲ್ಲಿದ್ದವು. ಇಲ್ಲಿಗೆ ಆ ದಿನ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಹುಡುಗ ಜೇಬಿನಲ್ಲಿ ಬ್ರಿಟಿಷ್ ಭಾರತದ ನೋಟು ಇಟ್ಟುಕೊಂಡು ಹೋದರೂ ಪೇಟೆಯಲ್ಲಿ ನಡೆಯುತ್ತಿದ್ದುದು ನಿಜಾಮರ ಹಾಲಿ ಸಿಕ್ಕಾ, ಅದರ 7 ರೂಪಾಯಿಗೆ ಬ್ರಿಟಿಷ್ ಭಾರತದ 6. ಕಚೇರಿಯ ಕಾಗದ ಉರ್ದುವಿನಲ್ಲಿ, ತಾರೀಖು ಕಂದಾಯದ ಫಸಲಿ ವರ್ಷದಲ್ಲಿ. ನಮ್ಮ ಭಾಗದ ಹಳೇ ಜಮೀನು ಕಾಗದ ನೋಡಿದವರಿಗೆ ಗೊತ್ತು, ಫಸಲಿಗೆ 590 ಕೂಡಿಸಿದರೆ ಒಂದು ವರ್ಷ ಅತ್ತಿತ್ತ ಇಸವಿ ಸಿಗುತ್ತದೆ. ಗೋಡೆಯ ಮೇಲೆ 1356 ಎಂದು ಬರೆದದ್ದನ್ನು ಕಂಡು ನಾಯಕ ಬಹಮನಿ ಕಾಲಕ್ಕೆ ಬಂದೆ ಎಂದು ಹೌಹಾರುವ ದೃಶ್ಯ ಯಾರೂ ಇನ್ನೂ ಯಾಕೆ ಬರೆದಿಲ್ಲವೋ.

ಇನ್ನು ಬ್ರ್ಯಾಂಡಿನ ವಾದ. ನಿಷ್ಠೆ ಇಟ್ಟವರನ್ನು ಇಪ್ಪತ್ತು ವರ್ಷ ಹಿಂದಕ್ಕೆ ಕಳಿಸಿದರೆ ತಮ್ಮ ಜೊತೆ ತಾವೇ ಜಗಳಾಡಬೇಕಾಗುತ್ತದೆ. ಆ್ಯಪಲ್‌ನ ಮ್ಯಾಕ್‌ಗಳಲ್ಲಿ ಮೊದಲು ಮೊಟೊರೋಲಾ ಚಿಪ್, 1994ರಿಂದ ಪವರ್‌ಪಿಸಿ, 2006ರಿಂದ ಇಂಟೆಲ್, 2020ರಿಂದ ಅವರದೇ ಚಿಪ್. 2004ರಲ್ಲಿ ಇಂಟೆಲ್ ಕೆಲಸಕ್ಕೆ ಬಾರದು ಎಂದವರೇ ಎರಡು ವರ್ಷದಲ್ಲಿ ಅದನ್ನು ಕೊಂಡಾಡಿದರು. ಥಿಂಕ್‌ಪ್ಯಾಡ್ ಐಬಿಎಂನದು ಎಂದು ಕೊಂಡವರಿಗೆ 2005ರಲ್ಲಿ ಅದು ಲೆನೊವೊ ಆಯಿತು. 2002ರಲ್ಲಿ ಕಾಂಪ್ಯಾಕ್ ಎಚ್‌ಪಿಯೊಳಗೆ ಸೇರಿತು. ಹೆಸರು ಯಾವುದೇ ಇರಲಿ, ಮೆಮೊರಿ ಚಿಪ್ಪು ಬಹುತೇಕ ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರಲ್ಲಿ ಒಬ್ಬರದು. ಜೋಡಣೆ ಕ್ವಾಂಟಾ, ಕಾಂಪಾಲ್‌ನಂಥ ತೈವಾನಿನ ಕಂಪನಿಗಳದು, ಅವು ಒಬ್ಬರಿಗಲ್ಲ, ಹಲವು ಬ್ರ್ಯಾಂಡಿಗೆ ಮಾಡಿಕೊಡುತ್ತವೆ. ಒಂದೇ ಬ್ರ್ಯಾಂಡಿನ ಅಗ್ಗದ ಮಾಲಿಗೂ ಆಫೀಸಿನವರಿಗೆ ಮಾಡಿದ ಮಾಲಿಗೂ ಇರುವ ಅಂತರ, ಎರಡು ಬ್ರ್ಯಾಂಡುಗಳ ನಡುವಿನ ಅಂತರಕ್ಕಿಂತ ದೊಡ್ಡದು. ಕೀಲು, ಚಾರ್ಜಿಂಗ್ ಪಿನ್ನು, ಫ್ಯಾನು ಇವುಗಳಲ್ಲೇ ಅದು ಕಾಣುವುದು.

ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮುಚ್ಚಳದ ಮೇಲಿನ ಹೆಸರು ಬಿಟ್ಟು ಪ್ರೊಸೆಸರಿನ (ಮುಖ್ಯ ಚಿಪ್ಪಿನ) ನಂಬರು ಓದಲಿ. ಐ5-7200ಯು ಎಂದಿದ್ದರೆ ಗೆರೆಯ ನಂತರದ 7 ಏಳನೇ ತಲೆಮಾರು, ಐ5-8250ಯು ಎಂಟನೆಯದು, 10210 ಎಂದು ಐದಂಕಿ ಇದ್ದರೆ ಹತ್ತನೆಯದು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮೇಲೆ ಬೇಕು, ಟಿಪಿಎಂ 2.0 ಎನ್ನುವ ಭದ್ರತೆಯ ಚಿಪ್ಪು ಇರಬೇಕು. ಏಳಕ್ಕೂ ಎಂಟಕ್ಕೂ ನಡುವೆ ಇರುವ ಈ ಗೆರೆ ಎಲ್ಲ ಕಂಪನಿಗೂ ಒಂದೇ. ರ್‍ಯಾಮ್ (ಮೆಮೊರಿ) ಬೋರ್ಡಿಗೆ ಬೆಸುಗೆ ಹಾಕಿದ್ದೋ, ಸ್ಲಾಟಿನದೋ ಕೇಳಿ. ಸ್ಲಾಟ್ ಇದ್ದರೂ ಡಿಡಿಆರ್4 ತಲೆಮಾರಿನ ಮೆಮೊರಿಯ ಜಾಗದಲ್ಲಿ ಡಿಡಿಆರ್5 ಕೂರುವುದಿಲ್ಲ. ವಿಂಡೋಸಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದು, ಹೊಸದಿದ್ದಾಗಿನ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡನ್ನೂ ನೋಡಿ; ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ.

ನಮ್ಮ ಬಿಸಿಲಿನ ಮುಂದೆ ಯಾವ ಬ್ರ್ಯಾಂಡಿಗೂ ವಿನಾಯಿತಿ ಇಲ್ಲ. ಲ್ಯಾಪ್‌ಟಾಪಿನ ಕೈಪಿಡಿಗಳಲ್ಲಿ ಸುತ್ತಲಿನ ಗಾಳಿಗೆ ಸಾಮಾನ್ಯವಾಗಿ ಬರೆದಿರುವ ಮಿತಿ 35 ಡಿಗ್ರಿ. ಮೇ ತಿಂಗಳಲ್ಲಿ ಇಲ್ಲಿ 42 ದಾಟುತ್ತದೆ. ಪ್ರೊಸೆಸರ್ 95ರಿಂದ 100 ಡಿಗ್ರಿ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಜನ ಅದನ್ನು ‘ಈ ಕಂಪನಿ ಮಾಲು ಸ್ಲೋ’ ಅನ್ನುತ್ತಾರೆ. ಬಿಚ್ಚಿ ನೋಡಿದರೆ ಫ್ಯಾನಿಗೂ ತಾಮ್ರದ ಕೊಳವೆಯ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟಿನ ಧೂಳು, ಕಲಬುರಗಿಯ ದಾಲ್ ಮಿಲ್ಲುಗಳ ಸುತ್ತ ಬೇಳೆಯ ಹೊಟ್ಟು. ಹೊರಗಿನಿಂದ ಬ್ಲೋವರ್ ಹಿಡಿದರೆ ಕಂಬಳಿ ಇನ್ನೂ ಒಳಕ್ಕೆ ಒತ್ತುತ್ತದೆ, ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಬ್ಯಾಟರಿಯ ಕನೆಕ್ಟರ್ ತೆಗೆದು, ಫ್ಯಾನ್ ಬಿಚ್ಚಿ, ಧೂಳನ್ನು ಬ್ರಷ್ಷಿನಿಂದ ಎತ್ತಬೇಕು. ಪ್ರೊಸೆಸರಿನ ಶಾಖವನ್ನು ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದು ಹಾಕಬೇಕು: ಡೆಸ್ಕ್‌ಟಾಪಿಗೆ ತೊಗರಿ ಕಾಳಿನಷ್ಟು, ಲ್ಯಾಪ್‌ಟಾಪಿಗೆ ಅದಕ್ಕಿಂತ ಕಡಿಮೆ. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ದಪ್ಪ ಮೆತ್ತಿದರೆ ಶಾಖ ದಾಟುವುದು ಕಷ್ಟವಾಗುತ್ತದೆ.

ಸೆಲ್ಲಿನ ಮಾತು ಮೊದಲಿಗೆ ಬಂತು, ನಿಜವಾಗಿ ಅದು ಹೋದಾಗ ಏನಾಗುತ್ತದೆ ಎಂದೂ ಹೇಳಬೇಕು. ಡೆಸ್ಕ್‌ಟಾಪಿನಲ್ಲಿರುವುದು ಸಿಆರ್2032, 3 ವೋಲ್ಟಿನದು, 20 ಮಿಲಿಮೀಟರ್ ಅಗಲ. ಗೋಡೆಯ ಸ್ವಿಚ್ ಆನ್ ಇದ್ದಾಗ ಗಡಿಯಾರದ ಚಿಪ್ಪು ಪವರ್ ಸಪ್ಲೈಯಿಂದ ಉಣ್ಣುತ್ತದೆ. ರಾತ್ರಿ ಸ್ವಿಚ್ ಆರಿಸುವ ಮನೆಗಳಲ್ಲಿ, ಕರೆಂಟ್ ಹೋಗಿ ಬರುವ ಊರುಗಳಲ್ಲಿ ಸೆಲ್ಲಿನಿಂದ ಉಣ್ಣುವುದರಿಂದ ಅದು ಬೇಗ ಸಾಯುತ್ತದೆ. ಆಗ ಗುರುತು ಐದೂವರೆ ತಾಸಲ್ಲ, ಇಡೀ ವರ್ಷಗಳು: ಬೋರ್ಡ್ ತಯಾರಾದ ಕಾಲದ ಯಾವುದೋ ಜನವರಿ 1. ಬ್ಯಾಂಕಿನ ವೆಬ್‌ಸೈಟಿನ ಪ್ರಮಾಣಪತ್ರ (ಇದೇ ಅಸಲಿ ತಾಣ ಎನ್ನುವ ಸಾಕ್ಷಿ) ಆ ದಿನಕ್ಕೆ ಇನ್ನೂ ಹುಟ್ಟಿಯೇ ಇಲ್ಲವಾದ್ದರಿಂದ ಬ್ರೌಸರ್ ಒಳಗೆ ಬಿಡುವುದಿಲ್ಲ. ಕಾಲಯಾನದ ತರ್ಕವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಧಾರಾವಾಹಿ ಕಡಿಮೆ. ಪ್ಲಗ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸ ಸೆಲ್ ಕೂರಿಸಿ, ಬಯೋಸಿನಲ್ಲಿ (ಬೋರ್ಡಿನ ಮೂಲ ಸೆಟಿಂಗಿನಲ್ಲಿ) ತಾರೀಖು ಹಾಕಿ. ಅಲ್ಲಿಗೆ ಬಿಡಬೇಡಿ, ಹಾರ್ಡ್ ಡಿಸ್ಕಿನ ಮೋಡ್ ಅನ್ನೂ, ಅಂದರೆ ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ಪದ್ಧತಿಯನ್ನೂ ನೋಡಿ. ಬಯೋಸ್ ಮೂಲ ಸ್ಥಿತಿಗೆ ಹೋದಾಗ ಅದು ಎಎಚ್‌ಸಿಐಯಿಂದ ರೇಯ್ಡಿಗೋ, ರೇಯ್ಡಿನಿಂದ ಎಎಚ್‌ಸಿಐಗೋ ಹೊರಳಿದ್ದರೆ ವಿಂಡೋಸ್ ಏಳುವುದಿಲ್ಲ, ಜನ ಡಿಸ್ಕ್ ಹೋಯಿತೆಂದು ಫಾರ್ಮ್ಯಾಟ್ ಮಾಡಿಸುತ್ತಾರೆ.

ಕೊನೆಗೆ 2038ರ ವಿಷಯ. ಹಳೆಯ 32 ಬಿಟ್ ಪದ್ಧತಿಯ ಸಾಧನಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತವೆ; 214,74,83,647 ಆದ ಮೇಲೆ ಎಣಿಕೆಗೆ ಜಾಗವಿಲ್ಲ. ನಮ್ಮ ವೇಳೆಯಲ್ಲಿ ಅದು 2038ರ ಜನವರಿ 19, ಮುಂಜಾನೆ 8 ಗಂಟೆ 44 ನಿಮಿಷ 7 ಸೆಕೆಂಡು. ಮರು ಸೆಕೆಂಡಿಗೆ ಅವು 1901ರ ಡಿಸೆಂಬರಿಗೆ ಬೀಳುತ್ತವೆ. ಈಗಿನ ಕಂಪ್ಯೂಟರುಗಳಿಗೆ ಚಿಂತೆಯಿಲ್ಲ. ಅಂಗಡಿಗಳ ಸಿಸಿಟಿವಿ ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ), ಹಳೆಯ ಹಾಜರಾತಿ ಯಂತ್ರಗಳನ್ನು ಪರೀಕ್ಷಿಸಬೇಕು: ಬೇಕಾದ ರೆಕಾರ್ಡಿಂಗ್ ಬೇರೆ ಕಡೆ ತೆಗೆದಿಟ್ಟು, ನೆಟ್ ಕೇಬಲ್ ಕಿತ್ತು, ತಾರೀಖನ್ನು 2038ರ ಜನವರಿ 20ಕ್ಕೆ ಇಟ್ಟು, ಹತ್ತು ನಿಮಿಷ ರೆಕಾರ್ಡ್ ಮಾಡಿ ಹುಡುಕಿ ನೋಡಿ. ಕೆಲವು ಆ ತಾರೀಖನ್ನು ತೆಗೆದುಕೊಳ್ಳುವುದೇ ಇಲ್ಲ, ಅದೂ ಒಂದು ಉತ್ತರ. ಟ್ಯಾಲಿಯ ಲೆಕ್ಕ ಇರುವ ಕಂಪ್ಯೂಟರಿನ ಮೇಲೆ ಮಾತ್ರ ಈ ಪ್ರಯೋಗ ಬೇಡ. ಹನ್ನೆರಡು ವರ್ಷ ಮುಂದಿನ ತಾರೀಖಿಗೆ ಬಿದ್ದ ವೋಚರುಗಳನ್ನು ಹೆಕ್ಕಿ ತೆಗೆಯುವುದರಲ್ಲಿ ಒಂದು ವಾರ ಹೋಗುತ್ತದೆ.

ಇತಿ,
ಕಂಪ್ಯೂಟರ್ ದುರಸ್ತಿ ಕೆಲಸದ ಓದುಗ
ಸೂಪರ್ ಮಾರ್ಕೆಟ್, ಕಲಬುರಗಿ